ಅಣ್ಣ ಒಪ್ಪದ ಗಾಡಿಗಳು

ಹಳೇಬೀಡು
14-6-1998

ಅಣ್ಣಾ,

ನಾವೆಲ್ಲ ಚೆನ್ನಾಗಿದ್ದೀವಿ ಅಂತ ಮೊದಲನೇ ಸಾಲಲ್ಲೇ ಬರೆದರೆ ನೀನು ಮುಂದಕ್ಕೆ ಓದಲ್ಲ, ಮಡಿಸಿ ಜೇಬಿಗೆ ಹಾಕ್ಕೊಂಡು ಡ್ಯೂಟಿಗೆ ಹೋಗ್ತೀಯ. ಅದಕ್ಕೇ ವಿಷಯ ಮೊದಲು ಬರೀತೀನಿ. ನಮಗೊಂದು ಕಾರು ಬೇಕು. ನೀನೇ ನೋಡಿ ಆರಿಸಿ ಕೊಡಬೇಕು.

ನಗಬೇಡ, ಶೋಕಿಗಲ್ಲ. ಮೊನ್ನೆ ಬೋಧಿನ ಹಾಸನದ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ. ಇವರಿಗೆ ಆಫೀಸಲ್ಲಿ ರಜ ಸಿಗಲಿಲ್ಲ, ನಾನೊಬ್ಬಳೇ. ಅವನಿಗೆ ಹದಿಮೂರು ತುಂಬಿತು ಅಣ್ಣಾ. ನೀನು ಅವನನ್ನ ಹೆಗಲ ಮೇಲೆ ಹಾಕ್ಕೊಂಡು ದೇವಸ್ಥಾನದ ಹುಲ್ಲಲ್ಲಿ ಓಡಾಡ್ತಿದ್ದೆಯಲ್ಲ, ಈಗ ಎತ್ತಿಕೊಂಡರೆ ಅವನ ಕಾಲು ನನ್ನ ಮೊಣಕಾಲಿಗೆ ಬಡಿಯುತ್ತೆ. ಹುಟ್ಟಿದಾಗ ಹೇಗೋ ಹಾಗೇ, ಕೂರಿಸಿದರೆ ಕತ್ತೂ ನಿಲ್ಲಲ್ಲ ಸೊಂಟವೂ ನಿಲ್ಲಲ್ಲ. ಬಸ್ಸಲ್ಲಿ ಉದ್ದದ ಸೀಟಿನ ಮೇಲೆ ಮಲಗಿಸಿದ್ದೆ. ಹಗರೆಯಲ್ಲಿ ಜನ ತುಂಬಿಕೊಂಡರು. ಟಿಕೆಟ್ ಒಬ್ಬನಿಗೆ, ಜಾಗ ಮಾತ್ರ ಮೂರು ಜನದ್ದಾ ಅಂತ ಒಬ್ಬ ಕೇಳಿದ. ಅವನ ಮಾತಲ್ಲಿ ತಪ್ಪೇನಿದೆ? ಎತ್ತಿ ಕೆಳಗೆ, ನನ್ನ ಕಾಲ ಹತ್ತಿರ ಮಲಗಿಸಿದೆ. ಹಾಸನದವರೆಗೂ ಜನ ನನ್ನ ಮಗನನ್ನ ದಾಟಿಕೊಂಡು ಹತ್ತಿದರು, ದಾಟಿಕೊಂಡು ಇಳಿದರು. ಬಸ್ಸಿನ ಸದ್ದಿಗೆ ಅವನಿಗೆ ಖುಷಿ, ನಗ್ತಾ ಇದ್ದ. ನಾನು ಕಿಟಕಿ ಕಡೆ ತಿರುಗಿಕೊಂಡು ಅತ್ತೆ.

ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಫಿಟ್ಸ್ ಬಂದು ತಾನಾಗೇ ನಿಂತರೆ ಸರಿ, ನಿಲ್ಲದೆ ಹಾಗೇ ಮುಂದುವರಿದರೆ ಮನೇಲಿ ನೋಡ್ತಾ ಕೂರಬೇಡಿ, ತಕ್ಷಣ ಇಲ್ಲಿಗೆ ತನ್ನಿ ಅಂದರು. ಯಾವುದರಲ್ಲಿ ತರೋದು?

ಹಿಂದೆ ಡಿಕ್ಕಿ ಇಲ್ಲದೆ ಛಾವಣಿ ಕೊನೆವರೆಗೂ ಉದ್ದಕ್ಕೆ ಹೋಗಿರುತ್ತಲ್ಲ, ಅಂಥ ಕಾರು. ಎಸ್ಟೇಟ್ ಅಂತಲೋ ಸ್ಟೇಷನ್ ವ್ಯಾಗನ್ ಅಂತಲೋ ಕರೀತಾರಂತೆ. ಹಿಂದಿನ ಸೀಟು ಮಡಿಸಿಬಿಟ್ಟರೆ ಹಾಸಿಗೆ ಹಾಸಬಹುದು. ಬೋಧಿ ಮಲಗಿಕೊಂಡೇ ಬರ್ತಾನೆ, ಪಕ್ಕದಲ್ಲಿ ತಂಗಿ ಹರ್ಷಿತಾ ಕೂತ್ಕೊತಾಳೆ. ಹೊಸದು ನಮ್ಮ ಕೈಗೆ ಎಟುಕಲ್ಲ, ಹಳೇದೇ ಸಾಕು. ಇವರು ಪಿ.ಎಫ್.ಗೆ ಅರ್ಜಿ ಹಾಕಿದ್ದಾರೆ, ಡ್ರೈವಿಂಗೂ ಕಲಿತಾಗಿದೆ. ಗಾಡಿ ಬಂದ ಮೇಲೆ ಮೊದಲು ನಿಮ್ಮನೆಗೇ ಬರ್ತೀವಿ. ಆಮೇಲೆ ಹುಲಿಕೆರೆ ಕೊಳಕ್ಕೆ ಹೋಗಿ ಅವನ ಕಾಲನ್ನ ನೀರಿಗೆ ಬಿಡಿಸಬೇಕು. ನಮ್ಮ ಮನೆ ಹೆಂಚು ಬಿಟ್ಟು ಬೇರೆ ಏನನ್ನೂ ನೋಡಿಲ್ಲ ಅವನು.

ನೀನು ರೈಲಿನ ಚಕ್ರಕ್ಕೆ ಸುತ್ತಿಗೆ ಬಡಿದು ಸದ್ದಲ್ಲೇ ಬಿರುಕು ಹೇಳೋನು. ನೀನು ಹೂಂ ಅಂದರೆ ಹೂಂ, ಬೇಡ ಅಂದರೆ ಬೇಡ. ಇವರಿಗೂ ಹಾಗೇ ಹೇಳಿದ್ದೀನಿ. ಎಸ್.ಟಿ.ಡಿ. ಬೂತಿಂದ ಮಾತಾಡಿದರೆ ಇಡೀ ಊರಿಗೆ ಸುದ್ದಿ, ಅದಕ್ಕೇ ಕಾಗದ.

ನಿನ್ನ ತಂಗಿ,
ಲತಾ


ಅರಸೀಕೆರೆ
2-7-1998

ಲತಾಗೆ, ಜೈ ಭೀಮ್.

ಜೇಬಿಗೆ ಹಾಕ್ಕೊಳ್ಳಲಿಲ್ಲ ಕಣಮ್ಮ, ಎರಡು ಸಲ ಓದಿದೆ. ಬಸ್ಸಲ್ಲಿ ಕೆಳಗೆ ಮಲಗಿಸಿದ್ದು ಓದಿ ಆವತ್ತು ಊಟ ಸೇರಲಿಲ್ಲ. ಒಂದು ಮಾತು ಹೇಳಿ ಕಳಿಸಿದ್ರೆ ನಾನು ರಜ ಹಾಕಿ ಬತ್ತಿರಲಿಲ್ವಾ? ಬಿಡು, ನಿನಗೆ ಯಾರ ಹತ್ರಾನೂ ಕೇಳೋ ಅಭ್ಯಾಸ ಇಲ್ಲ.

ಗಾಡಿ ಸಿಕ್ಕೈತೆ. ಕೊಬ್ಬರಿ ಮಂಡಿ ಮರುಳಪ್ಪನವರ ಶೆಡ್ಡಲ್ಲಿ ಬಿಳೀ ಎಸ್ಟೇಟ್ ಕಾರು ನಿಂತೈತೆ. ಮಗ ಹೊಸ ಗಾಡಿ ತಗೊಂಡವ್ನೆ, ಇದನ್ನ ಕೊಟ್ಟುಬಿಡ್ತೀನಿ ಅಂದ್ರು. ಡೀಸೆಲ್ಲು. ಒಳಗೆಲ್ಲ ಕೊಬ್ಬರಿ ವಾಸನೆ, ಅದೊಂದು ನೀನು ತಡ್ಕೋಬೇಕು.

ನಮ್ಮ ಕೆಲಸ ನಿನಗೆ ಗೊತ್ತೇ ಐತೆ. ಗೂಡ್ಸ್ ಬಂದು ನಿಂತ್ರೆ ಒಂದೊಂದು ವ್ಯಾಗನ್ನೂ ಬಡಿದು, ಬಗ್ಗಿ, ಬೆಳಕು ಬಿಟ್ಟು ನೋಡಬೇಕು. ಸರಿಯಿಲ್ಲ ಅನ್ನಿಸಿದ್ರೆ ಸೀಮೆಸುಣ್ಣ ತಗೊಂಡು ‘ಸಿಕ್’ ಅಂತ ಬರೀತೀನಿ. ಬರೆದ ಮೇಲೆ ಮುಗೀತು. ಸ್ಟೇಷನ್ ಮಾಸ್ಟರೂ ಅದನ್ನ ಓಡಿಸಂಗಿಲ್ಲ, ಬಿಚ್ಚಿ ಪಕ್ಕದ ಲೈನಿಗೆ ತಳ್ಳಬೇಕು. ಮರುಳಪ್ಪನ ಗಾಡಿನೂ ಹಂಗೇ ನೋಡ್ದೆ. ಅಡಿಗೆ ಇಳಿದು ಚಾಸಿ ಪೂರ್ತಿ ಸುತ್ತಿಗೇಲಿ ಬಡ್ದೆ, ಗಂಟೆ ಹೊಡೆದಂಗೆ ಸದ್ದು ಬಂತು. ಬ್ರೇಕು, ಸ್ಟೇರಿಂಗು, ಹಿಂದಿನ ಸ್ಪ್ರಿಂಗ್ ಪಟ್ಟೆ ಎಲ್ಲಾ ಸರಿ ಐತೆ. ಕಡೇಗೆ ಸೀಟು ಮಡಿಸಿ ಡ್ಯೂಟಿ ಬಟ್ಟೇಲೇ ಹಿಂದೆ ಮಲಗಿ ನೋಡ್ದೆ. ನನ್ನ ಕಾಲೇ ಪೂರ್ತಿ ಚಾಚ್ತು. ಮರುಳಪ್ಪ ಬಂದು, ಏನ್ಲಾ ಭೀಮಾ, ಮಲಗಕ್ಕೆ ಮನೆ ಇಲ್ವಾ ಅಂತ ನಕ್ರು. ನಮ್ಮ ಅಳಿಮಯ್ಯಂಗೆ ಕಣ್ರೀ ಅಂದೆ.

ನಟರಾಜಂಗೆ ಪಿ.ಎಫ್. ಬಂದ ತಕ್ಷಣ ತಿಳಿಸು, ಮಾತು ಮುಗಿಸಿಬಿಡ್ತೀನಿ. ಬೋಧಿಗೆ ಹೇಳು, ಮಾವ ಗಾಡಿ ನೋಡವ್ನೆ ಅಂತ.

ಇತಿ ನಿನ್ನ ಅಣ್ಣ,
ಭೀಮರಾಜ್


ಬೇಲೂರು
9-7-1998

ಭಾವನವರಿಗೆ ನಟರಾಜನ ನಮಸ್ಕಾರಗಳು.

ಆಫೀಸಿನಿಂದ ಬರೆಯುತ್ತಿದ್ದೇನೆ. ಈ ಕಾಗದದ ವಿಷಯ ಲತಾಳಿಗೆ ತಿಳಿಯುವುದು ಬೇಡ. ಉತ್ತರವನ್ನೂ ಆಫೀಸಿನ ವಿಳಾಸಕ್ಕೇ ಬರೆಯಬೇಕಾಗಿ ವಿನಂತಿ.

ಗಾಡಿ ಯಾಕೆ ಬೇಕು ಎಂದು ಅವಳು ನಿಮಗೆ ಬರೆದಿದ್ದಾಳೆ. ಅದು ಸುಳ್ಳಲ್ಲ. ಆದರೆ ನಾನು ಸಾಲಕ್ಕೆ ಕೈಹಾಕಿರುವುದು ಬೇರೆ ಕಾರಣಕ್ಕೆ. ಮೈಸೂರಿನಿಂದಾಚೆ ನಂಜನಗೂಡು ದಾರಿಯಲ್ಲಿ ಒಂದು ಆಶ್ರಮವಿದೆ. ಬೋಧಿಯಂಥ ಮಕ್ಕಳನ್ನು ಕೊನೆಯವರೆಗೂ ಇಟ್ಟುಕೊಂಡು ನೋಡಿಕೊಳ್ಳುತ್ತಾರೆ. ನಾನು ಒಮ್ಮೆ ಟ್ರೈನಿಂಗ್ ನೆಪದಲ್ಲಿ ಹೋಗಿ ನೋಡಿ ಬಂದೆ. ಚೊಕ್ಕಟವಾಗಿದೆ. ಡಾಕ್ಟರೊಬ್ಬರು ಆವರಣದಲ್ಲೇ ವಾಸವಾಗಿದ್ದಾರೆ. ಹೆಸರು ಬರೆಸಿದ್ದೇನೆ. ದೀಪಾವಳಿ ಕಳೆದ ಮೇಲೆ ಒಂದು ಜಾಗ ಖಾಲಿಯಾಗುತ್ತದೆ ಎಂದಿದ್ದಾರೆ. ಅವರು ಬಂದು ಕರೆದುಕೊಂಡು ಹೋಗುವುದಿಲ್ಲ, ನಾವೇ ತಲುಪಿಸಬೇಕು. ಅಷ್ಟು ದೂರ ಅವನನ್ನು ಮಲಗಿಸಿಕೊಂಡೇ ಹೋಗಬೇಕು.

ಲತಾಳಿಗೆ ಹೇಳಿಲ್ಲ. ಹೇಳಿದರೆ ಅವಳು ಉಳಿಯುವುದಿಲ್ಲ, ನಿಮಗೆ ನಿಮ್ಮ ತಂಗಿ ಗೊತ್ತು. ಡಾಕ್ಟರಿಗೆ ತೋರಿಸೋಣ ಎಂದು ಕರೆದುಕೊಂಡು ಹೋಗಿ, ಅಲ್ಲಿ ಸೇರಿಸಿದ ಮೇಲೆ ಹೇಳುವುದು ಎಂದುಕೊಂಡಿದ್ದೇನೆ.

ನಾನು ಕಟುಕನಲ್ಲ ಭಾವ. ಅವಳು ಬೆಳಿಗ್ಗೆ ಅವನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವಾಗ ಅವಳ ಬೆನ್ನು ಲಟಕ್ಕೆನ್ನುವುದು ನನಗೆ ಕೇಳಿಸುತ್ತದೆ. ನಾಳೆ ನಾವಿಬ್ಬರೂ ಇಲ್ಲದಿದ್ದರೆ ಅವನ ಭಾರ ಹರ್ಷಿತಾಳ ತಲೆಗೆ ಬರುತ್ತದೆ. ಅವಳಿಗಿನ್ನೂ ಒಂಬತ್ತು. ಆದಷ್ಟು ಬೇಗ ಗಾಡಿ ಮುಗಿಸಿಕೊಡಿ.

ತಮ್ಮ ವಿಶ್ವಾಸಿ,
ನಟರಾಜ್


ಅರಸೀಕೆರೆ
20-7-1998

ನಟರಾಜ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಇಷ್ಟು ದಿನ ಉತ್ತರ ಬರೆಯೋಕೆ ಕೈ ಬರಲಿಲ್ಲ. ಲತಾಗೆ ನಾನು ಹೇಳಲ್ಲ, ಹೇಳೋ ಧೈರ್ಯ ನನಗೂ ಇಲ್ಲ. ಹೆತ್ತವಳ ಕೈಯಿಂದ ಮಗನ್ನ ಸುಳ್ಳು ಹೇಳಿ ಕಿತ್ಕೊಂಡು ಹೋಗೋ ಗಾಡಿ ಆರಿಸಿಕೊಡು ಅಂತ ನನ್ನನ್ನ ಕೇಳ್ತಿದ್ದೀರಿ. ಅವಳಿಗೆ ನಾನು ಒಬ್ಬನೇ ತವರು. ಬೇಗ ಮಾಡು ಅಂತ ಮಾತ್ರ ಹೇಳಬೇಡಿ.

ಭೀಮರಾಜ್


ಅರಸೀಕೆರೆ
20-7-1998

ಲತಾಗೆ, ಜೈ ಭೀಮ್.

ಮರುಳಪ್ಪನ ಗಾಡಿ ಬೇಡ ಕಣಮ್ಮ. ಮೊನ್ನೆ ಇನ್ನೊಂದು ಸಲ ಹೋಗಿ ನೋಡ್ದೆ. ಚಾಸಿಲಿ ಎಡಗಡೆ ಹಿಂದೆ ಕೂದಲೆಳೆ ಬಿರುಕು ಐತೆ. ಹೋದ ಸಲ ಗ್ರೀಸ್ ಮೆತ್ಕೊಂಡಿದ್ದಕ್ಕೆ ಕಾಣಲಿಲ್ಲ. ಈಗ ಏನೂ ಆಗಲ್ಲ, ಆದ್ರೆ ಯಾವತ್ತೋ ಒಂದಿನ ಹಳ್ಳಕ್ಕೆ ಇಳಿದಾಗ ಮುರ್ಕೊಂಡ್ರೆ? ಒಳಗೆ ಮಲಗಿರೋನು ಕೈ ಊರಿಕೊಳ್ಳೋನಲ್ಲ, ಹಿಡ್ಕೊಳ್ಳೋನಲ್ಲ. ಅಂಥವನಿಗೆ ಗಾಡಿ ನೋಡುವಾಗ ನಾನು ಎರಡರಷ್ಟು ಹುಷಾರಾಗಿರಬೇಕು. ಸ್ವಲ್ಪ ತಡ್ಕೋ, ಒಳ್ಳೇದು ಸಿಗ್ತದೆ.

ಇತಿ ನಿನ್ನ ಅಣ್ಣ,
ಭೀಮರಾಜ್


ಹಳೇಬೀಡು
30-8-1998

ಅಣ್ಣಾ,

ಪಿ.ಎಫ್. ಬಂತು. ಗಾಡಿ ಇಲ್ಲ. ನಿನ್ನ ಕಾಗದ ಓದಿ ಒಂದು ಗಳಿಗೆ ಬೇಜಾರಾಯಿತು, ಆಮೇಲೆ ಬಿರುಕಿನ ಗಾಡಿ ನಮಗೆ ಅಂಟಿಕೊಳ್ಳದೆ ಉಳೀತಲ್ಲ ಅಂತ ಸಮಾಧಾನ ಮಾಡಿಕೊಂಡೆ. ನೀನಲ್ಲದೆ ಬೇರೆ ಯಾರಾಗಿದ್ದರೂ ಮೊದಲನೇ ದಿನವೇ ಹೂಂ ಅಂದುಬಿಡ್ತಿದ್ದರು.

ಬೇಲೂರಲ್ಲಿ ಒಂದಿದೆ. ರುಕ್ಮಿಣಮ್ಮ ಅಂತ, ತೀರಿಕೊಂಡ ದನದ ಡಾಕ್ಟರ ಹೆಂಡತಿ. ಗಂಡ ಹೋದ ಮೇಲೆ ಗಾಡಿ ಹೊರಗೇ ತೆಗೆದಿಲ್ಲವಂತೆ. ಬೂದು ಬಣ್ಣ. ನಾನೇ ಹೋಗಿ ನೋಡಿದೆ. ಹಿಂದಿನ ಬಾಗಿಲು ಪೂರ್ತಿ ಮೇಲಕ್ಕೆ ತೆರೆದುಕೊಳ್ಳುತ್ತೆ, ಹಾಸಿಗೆ ಸಮೇತ ಅವನನ್ನ ಒಳಕ್ಕೆ ಜಾರಿಸಬಹುದು, ನಾನು ಎತ್ತೋದೇ ಬೇಡ. ಆಯಮ್ಮ ಮನೆಯೊಳಕ್ಕೆ ಕರೆದು ಕಾಫಿ ಕೊಟ್ಟರು, ನಮ್ಮದು ಯಾವ ಬೀದಿ ಅಂತ ಗೊತ್ತಿದ್ದೂ ಕೊಟ್ಟರು. ಮಗು ಓಡಾಡೋಕಾದರೆ ಬೇರೆಯವರಿಗೆ ಕೊಡಲ್ಲ, ನಿಮಗೇ ಅಂದರು.

ಹರ್ಷಿತಾ ಆಗಲೇ ನನ್ನ ಹಳೇ ಸೀರೆ ಎರಡು ತಗೊಂಡು ಗಾಡಿಗೆ ಅಂತಲೇ ದಿಂಬಿನ ಚೀಲ ಹೊಲಿಸಿಕೊಂಡು ಬಂದಿದ್ದಾಳೆ. ಬೋಧಿ ಬೆನ್ನಲ್ಲಿ ಹುಣ್ಣಾಗಿದೆ, ಮಗ್ಗುಲು ಬದಲಾಯಿಸೋದು ಸಾಲದೆ ಬಂದಿದ್ದು. ನಾನು ಪಾಠ ಮಾಡೋಕೆ ಶಾಲೆಗೆ ಹೋದಾಗ ಪಕ್ಕದ ಮನೆ ಹುಚ್ಚಮ್ಮ ನೋಡ್ಕೊತಾಳೆ, ಆದರೆ ಅವಳಿಗೂ ವಯಸ್ಸಾಯಿತು, ಅವನನ್ನ ತಿರುಗಿಸೋಕೆ ಆಗಲ್ಲ.

ಸೆಪ್ಟೆಂಬರ್ ಹದಿಮೂರು ಭಾನುವಾರ. ರಜ ಹಾಕಿ ಬಾ. ಸುತ್ತಿಗೆ ತಗೊಂಡೇ ಬಾ.

ನಿನ್ನ ತಂಗಿ,
ಲತಾ


ಬೇಲೂರು
22-9-1998

ಭಾವನವರಿಗೆ,

ಆ ಭಾನುವಾರ ರುಕ್ಮಿಣಮ್ಮನವರ ಮನೆ ಮುಂದೆ ನೀವು ಗಾಡಿಯ ಅಡಿಯಿಂದ ಎದ್ದು, ಕೈ ಒರೆಸಿಕೊಂಡು, ‘ಇದು ಸಿಕ್’ ಎಂದಿರಿ. ಲತಾ ಯಾಕೆ ಎಂದು ಕೂಡ ಕೇಳಲಿಲ್ಲ, ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡ್ ಕಡೆಗೆ ನಡೆದುಬಿಟ್ಟಳು. ಆಗ ನಾನು ನಿಮ್ಮ ಮುಖ ನೋಡಿದೆ. ನೀವು ನನ್ನ ಮುಖ ನೋಡಲಿಲ್ಲ.

ನಮ್ಮ ಆಫೀಸಿನ ಡ್ರೈವರ್ ಮಂಜುನಾಥನನ್ನು ಮರುದಿನ ಕರೆದುಕೊಂಡು ಹೋಗಿ ಅದೇ ಗಾಡಿ ತೋರಿಸಿದೆ. ಕಣ್ಣುಮುಚ್ಚಿಕೊಂಡು ತಗೊಳ್ಳಿ ಸಾರ್ ಎಂದ. ಲತಾಳಿಗೆ ಹೇಳಿದರೆ ಮಂಜುನಾಥನಿಗೇನು ಗೊತ್ತು, ಅಣ್ಣ ಬೇಡ ಎಂದಮೇಲೆ ಬೇಡ ಎಂದಳು. ಮೂರು ದಿನಕ್ಕೆ ಚಿಕ್ಕಮಗಳೂರಿನವರು ಯಾರೋ ಬಂದು ಹೊಡೆದುಕೊಂಡು ಹೋದರು.

ಆಶ್ರಮದಿಂದ ಕಾಗದ ಬಂದಿದೆ. ಡಿಸೆಂಬರ್ ಕೊನೆಯೊಳಗೆ ಹುಡುಗನನ್ನು ತರದಿದ್ದರೆ ಜಾಗ ಮುಂದಿನವರಿಗೆ ಹೋಗುತ್ತದೆ. ಬಾಡಿಗೆ ವ್ಯಾನಿನಲ್ಲಿ ಕರೆದೊಯ್ಯೋಣ ಎಂದರೆ, ಅಷ್ಟು ದೂರ ಯಾವ ಡಾಕ್ಟರು, ಯಾಕೆ, ಎಂದು ಅವಳು ಕೇಳಿಯೇ ಕೇಳುತ್ತಾಳೆ. ಸ್ವಂತ ಗಾಡಿ ಇದ್ದರೆ ಮೈಸೂರು ನೋಡಿಕೊಂಡು ಬರೋಣ ಎನ್ನಬಹುದಿತ್ತು. ದಯವಿಟ್ಟು ನನ್ನ ಸಂಸಾರದ ವಿಷಯವನ್ನು ನನಗೆ ಬಿಡಿ.

ನಟರಾಜ್


ಅರಸೀಕೆರೆ
4-10-1998

ನಟರಾಜ್ ಅವರಿಗೆ,

ಹೌದು, ಆ ಗಾಡಿಲಿ ಏನೂ ಇರಲಿಲ್ಲ. ಮರುಳಪ್ಪನ ಗಾಡಿಲೂ ಇಲ್ಲ. ಇಪ್ಪತ್ತು ವರ್ಷದ ಸರ್ವೀಸಲ್ಲಿ ಸರಿ ಇರೋ ವ್ಯಾಗನ್ನಿಗೆ ನಾನು ಯಾವತ್ತೂ ಸಿಕ್ ಅಂತ ಬರೆದೋನಲ್ಲ. ಈಗ ಬರ್ದೆ. ಇನ್ನೂ ಬರೀತೀನಿ.

ಲತಾ ಮದುವೆಯಾಗಿ ಆರು ವರ್ಷ ಮಕ್ಕಳಿಲ್ಲದೆ ಇದ್ದಾಗ ಯಾರ್ಯಾರು ಬಾಯಿಗೆ ಬಂದಂಗೆ ಏನೇನಂದ್ರು, ನಿಮಗೂ ನೆನಪೈತೆ. ಬೋಧಿ ಹುಟ್ಟಿದಾಗ ಅವನು ಹೆಂಗಿದ್ದರೂ ನನ್ನ ಮಗ ಅಂತ ಎದೆಗಪ್ಪಿಕೊಂಡಳು. ಅವನನ್ನ ಬಿಟ್ಟು ಅವಳು ಒಂದು ದಿನ ಬದುಕಲ್ಲ. ಇದು ನನಗೆ ಗೊತ್ತು, ನಿಮಗೂ ಗೊತ್ತು. ಗೊತ್ತಿದ್ದೇ ತಾನೇ ನೀವು ಅವಳಿಗೆ ಮುಚ್ಚಿಟ್ಟಿರೋದು? ಜನವರಿ ಬರಲಿ, ಆ ಜಾಗ ಯಾರಿಗಾದರೂ ಹೋಗಲಿ. ಆಮೇಲೆ ನಾನೇ ಗಾಡಿ ಹೊಡ್ಕೊಂಡು ಬಂದು ನಿಮ್ಮ ಬಾಗಿಲಲ್ಲಿ ನಿಲ್ಲಿಸ್ತೀನಿ.

ಅಲ್ಲಿವರೆಗೆ ಫಿಟ್ಸ್ ಜಾಸ್ತಿಯಾದ್ರೆ ಅಂತ ನೀವು ಕೇಳಬಹುದು. ನಿಮ್ಮೂರಿನ ದ್ಯಾವಯ್ಯನ ಹತ್ರ ಮಾತಾಡಿವ್ನಿ. ಯಾವಾಗ ಕರೆದ್ರೂ ವ್ಯಾನು ತತ್ತೀನಿ ಅಂದವ್ನೆ. ನಮ್ಮೋನು, ಇಲ್ಲ ಅನ್ನಲ್ಲ.

ಭೀಮರಾಜ್


ಹಳೇಬೀಡು
25-11-1998

ಅಣ್ಣಾ,

ಜಾವಗಲ್ಲಿನಲ್ಲಿ ನೋಡಿದ ಮೂರನೇ ಗಾಡಿನೂ ಬೇಡ ಅಂತ ಬರೆದಿದ್ದೀಯ. ಹೌಸಿಂಗ್ ಅಂತೆ, ಬೇರಿಂಗ್ ಅಂತೆ. ನನಗೆ ಅದು ಯಾವುದೂ ಅರ್ಥ ಆಗಲ್ಲ. ಅಣ್ಣಾ, ನೀನು ರೈಲಿಗೆ ನೋಡಿದ ಹಾಗೆ ನೋಡ್ತಿದ್ದೀಯೇನೋ. ನಮಗೆ ಸಾವಿರಾರು ಮೈಲಿ ಓಡೋ ಗಾಡಿ ಬೇಡ. ಇಲ್ಲಿಂದ ಹಾಸನಕ್ಕೆ ಹೋಗಿ ಬಂದರೆ ಸಾಕು. ಒಂದು ವರ್ಷ ಓಡಿ ಕೆಟ್ಟು ನಿಂತರೂ ನಿನ್ನನ್ನ ಒಂದು ಮಾತು ಅನ್ನಲ್ಲ.

ಈ ತಿಂಗಳು ಫಿಟ್ಸ್ ಬಹಳ ಬಂತು. ಒಂದು ಸಲ ನಿಲ್ಲೋದೇ ಇಲ್ಲವೇನೋ ಅನ್ನಿಸಿತ್ತು, ದ್ಯಾವಯ್ಯನಿಗೆ ಹೇಳಿ ಕಳಿಸುವಷ್ಟರಲ್ಲಿ ನಿಂತಿತು. ಹೋದ ವಾರ ಬಚ್ಚಲಲ್ಲಿ ಅವನನ್ನ ಎತ್ತುವಾಗ ನನ್ನ ಕೈ ಜಾರಿತು. ಅವನ ತಲೆ ಹಂಡೆ ಕಟ್ಟೆಗೆ ತಗುಲಿತು. ಹೆಚ್ಚೇನಿಲ್ಲ, ಊದಿಕೊಂಡಿದೆ ಅಷ್ಟೆ. ಅವನು ಅಳಲೂ ಇಲ್ಲ, ನನ್ನನ್ನೇ ನೋಡಿದ. ನಾನು ಒದ್ದೆ ನೆಲದ ಮೇಲೆ ಅವನ ಪಕ್ಕದಲ್ಲಿ ಕೂತುಬಿಟ್ಟೆ. ಏಳೋಕೆ ಆಗಲಿಲ್ಲ. ಹರ್ಷಿತಾ ಸ್ಕೂಲಿಗೆ ಹೊರಟಿದ್ದವಳು ಬಂದು ನಲ್ಲಿ ನಿಲ್ಲಿಸಿದಳು.

ಇದನ್ನೆಲ್ಲ ಇವರಿಗೆ ಹೇಳಿಲ್ಲ. ಹೇಳಿದರೆ ಏನಂತಾರೋ ಅನ್ನೋ ಭಯ. ನೀನು ಹತ್ತಿರ ಇದ್ದಿದ್ದರೆ ಒಂದು ದಿನ ಕೂತು ಮಾತಾಡಬೇಕಿತ್ತು. ಕೆಲವು ವಿಷಯ ಕಾಗದದಲ್ಲಿ ಬರೆಯೋಕೆ ಬರಲ್ಲ.

ನಿನ್ನ ತಂಗಿ,
ಲತಾ


ಅರಸೀಕೆರೆ
8-12-1998

ಲತಾಗೆ, ಜೈ ಭೀಮ್.

ಕಾಗದ ಓದ್ದೆ. ಹುಡುಗನ ತಲೆಗೆ ಅರಿಶಿನ ಹಚ್ಚು. ನೀನು ಒಬ್ಬಳೇ ಎತ್ತಬೇಡ, ನಟರಾಜಂಗೆ ಕೈ ಕೊಡೋಕೆ ಹೇಳು. ಮಾತಾಡಬೇಕು ಅಂದಿದ್ದೀಯ, ಈ ತಿಂಗಳು ನನಗೆ ರಜ ಇಲ್ಲ, ಸಂಕ್ರಾಂತಿ ಕಳೀಲಿ, ಬತ್ತೀನಿ. ನಿನ್ನ ಮನಸ್ಸಲ್ಲಿ ಏನೈತೆ ಅಂತ ನನಗೆ ಗೊತ್ತು ಬಿಡು, ಅದನ್ನ ನೀನು ಬರೆಯೋದೂ ಬೇಡ. ಬೋಧಿ ನಿನ್ನ ಹತ್ರಾನೇ ಇರ್ತಾನೆ. ಯಾರೂ ಏನೂ ಮಾಡೋಕಾಗಲ್ಲ, ನಾನು ಇದ್ದೀನಿ.

ಗಾಡಿಗೆ ದುಡುಕಬೇಡ. ಇನ್ನೊಂದು ತಿಂಗಳು.

ಇತಿ ನಿನ್ನ ಅಣ್ಣ,
ಭೀಮರಾಜ್


ಬೇಲೂರು
2-1-1999

ಭಾವನವರಿಗೆ,

ಮೊನ್ನೆಗೆ ಗಡುವು ಮುಗಿಯಿತು. ಆಶ್ರಮದ ಜಾಗ ಕೊಳ್ಳೇಗಾಲದ ಕಡೆಯ ಒಂದು ಹುಡುಗಿಗೆ ಹೋಯಿತೆಂದು ಇಂದು ಫೋನಿನಲ್ಲಿ ತಿಳಿಸಿದರು. ನೀವು ಅಂದುಕೊಂಡದ್ದು ಆಯಿತು.

ನಟರಾಜ್


ಅರಸೀಕೆರೆ
10-1-1999

ಲತಾಗೆ, ಜೈ ಭೀಮ್.

ಬಾಯಿ ಸಿಹಿ ಮಾಡ್ಕೊ. ಗಾಡಿ ಆಯ್ತು. ಮರುಳಪ್ಪನದೇ. ಇನ್ನೂ ಮಾರಿರಲಿಲ್ಲ. ಆ ಬಿರುಕಿನ ಜಾಗಕ್ಕೆ ನಮ್ಮ ಡಿಪೋ ವೆಲ್ಡರನ್ನ ಕರೆಸಿ ಪಟ್ಟಿ ಹಾಕಿಸ್ದೆ, ಈಗ ಕಲ್ಲಿನಂಗೈತೆ. ಮರುಳಪ್ಪನಿಗೆ ನಾನೇ ಮುಂಗಡ ಕೊಟ್ಟಿವ್ನಿ, ಆರ್.ಸಿ. ಬುಕ್ಕು ನಟರಾಜನ ಹೆಸರಿಗೆ ಮಾಡಿಸೋಕೆ ಕೊಟ್ಟೈತೆ. ಕೊಬ್ಬರಿ ವಾಸನೆ ಹೋಗಲಿ ಅಂತ ಸೀಟೆಲ್ಲ ಬಿಚ್ಚಿ ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟಿವ್ನಿ.

ಇಪ್ಪತ್ನಾಕು ಭಾನುವಾರ ಬೆಳಿಗ್ಗೆ ಬಾಣಾವರ, ಜಾವಗಲ್ ಮೇಲೆ ಹೊಡ್ಕೊಂಡು ಬತ್ತೀನಿ. ಬೋಧಿಗೆ ಹೊಸ ಬಟ್ಟೆ ಹಾಕಿರು. ಅವತ್ತೇ ಹುಲಿಕೆರೆಗೆ ಹೋಗೋಣ, ಹರ್ಷಿತಾ ಹೊಲಿಸಿದ ದಿಂಬನ್ನೂ ಹಾಕು. ಇಷ್ಟು ತಿಂಗಳು ಕಾಯಿಸಿದೆ ಅಂತ ಬೈಕೋಬೇಡ. ಯಾಕೆ ಕಾಯಿಸ್ದೆ ಅಂತ ಯಾವತ್ತಾದ್ರೂ ಹೇಳ್ತೀನಿ, ಅವತ್ತು ನೀನೇ ನನ್ನ ಕೈ ಹಿಡ್ಕೊಂಡು ಅಳ್ತೀಯ.

ಇತಿ ನಿನ್ನ ಅಣ್ಣ,
ಭೀಮರಾಜ್


ಹಳೇಬೀಡು
21-2-1999

ಅಣ್ಣ,

ಮಣ್ಣು ಮಾಡಿದ ದಿನ ನೀನು ಬಂದೆ. ಗೋಡೆಗೆ ಒರಗಿ ಕೂತೆ. ಮಾರನೇ ದಿನ ಹೇಳದೆ ಎದ್ದು ಹೋದೆ. ಹೇಗಾಯಿತು ಅಂತ ನೀನು ಯಾರನ್ನೂ ಕೇಳಲಿಲ್ಲ. ನಾನೇ ಬರೀತೀನಿ, ಪೂರ್ತಿ ಓದು.

ಜನವರಿ ಹತ್ತೊಂಬತ್ತು, ಮಂಗಳವಾರ. ಶಾಲೆಯಲ್ಲಿ ಊಟದ ಬೆಲ್ ಹೊಡೆದಿತ್ತು. ಹುಚ್ಚಮ್ಮ ಏದುಸಿರು ಬಿಡ್ತಾ ಬಂದು ಬಾಗಿಲಲ್ಲಿ ನಿಂತಳು. ನಾನು ಮನೆಗೆ ಓಡಿ ಹೋದಾಗ ಅವನ ಮೈಯೆಲ್ಲ ಎಳೀತಾ ಇತ್ತು, ತುಟಿ ನೀಲಿ ಆಗಿತ್ತು. ದ್ಯಾವಯ್ಯನ ಮನೆಗೆ ಹೋದೆ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾಗಿದ್ದವು, ವ್ಯಾನು ದಿಬ್ಬಣ ಹತ್ತಿಸಿಕೊಂಡು ತಿಪಟೂರಿಗೆ ಹೋಗಿತ್ತು. ದ್ಯಾವಯ್ಯ ಮಾತಿಗೆ ತಪ್ಪಿದ ಅಂತ ನಾನು ಹೇಳಲ್ಲ, ಅವನ ಹೊಟ್ಟೆಪಾಡು ಅದು. ದೇವಸ್ಥಾನದ ಹತ್ತಿರ ಟೂರಿಸ್ಟ್ ಜೀಪೊಂದು ನಿಂತಿತ್ತು. ಕೈ ಮುಗಿದೆ. ಯಾವ ಬೀದಿ ಅಂದ. ಹೇಳಿದೆ. ಡೀಸೆಲ್ ಇಲ್ಲ ಅಂದ. ಕೊನೆಗೆ ಟೊಮ್ಯಾಟೊ ಇಳಿಸಿ ಖಾಲಿ ಹೋಗ್ತಿದ್ದ ಲಗೇಜ್ ಆಟೋದವನು ನಿಲ್ಲಿಸಿದ. ಯಾರೋ ಏನೋ, ಪುಣ್ಯಾತ್ಮ. ಹಿಂದೆ ಖಾಲಿ ಕ್ರೇಟುಗಳ ಮಧ್ಯೆ ಅವನನ್ನ ಮಲಗಿಸಿಕೊಂಡು ನಾನು ಅವನ ತಲೆ ಹಿಡ್ಕೊಂಡು ಕೂತೆ.

ಹಗರೆ ಹತ್ತಿರ ಬಂದಾಗ ಎಳೆತ ನಿಂತಿತು. ಮುಖ ಶಾಂತವಾಯಿತು. ಫಿಟ್ಸ್ ಬಿಟ್ಟಿತು ಅಂದುಕೊಂಡೆ. ಬೆವರು ಒರೆಸಿದೆ, ನಿದ್ದೆ ಮಾಡು ಕಂದಾ ಅಂದೆ. ಹಗರೆಯಿಂದ ಹಾಸನದವರೆಗೂ ನಾನು ಸಮಾಧಾನದಲ್ಲೇ ಹೋದೆ ಅಣ್ಣ. ಅಲ್ಲಿ ನರ್ಸಮ್ಮ ಬಂದು ಅವನ ರೆಪ್ಪೆ ಎತ್ತಿ ನೋಡಿ, ಎಷ್ಟು ಹೊತ್ತಾಯಿತು ಅಂತ ಕೇಳಿದಳು. ಆಗಲೇ ನನಗೆ ಗೊತ್ತಾಗಿದ್ದು.

ಹೋದ ಭಾನುವಾರ ಇವರು ಎಲ್ಲ ಹೇಳಿದರು. ಆಶ್ರಮದ್ದು, ಟ್ರೈನಿಂಗ್ ಅಂತ ಹೋಗಿದ್ದು, ನಿನಗೆ ಬರೆದಿದ್ದು, ನೀನು ಅವರಿಗೆ ಬರೆದಿದ್ದು. ಹೇಳಿ ತಲೆ ಚಚ್ಚಿಕೊಂಡು ಅತ್ತರು. ಇವರು ನನಗೆ ಮುಚ್ಚಿಟ್ಟಿದ್ದು ನನಗೋಸ್ಕರ ಅಂತೆ. ನೀನು ಒಳ್ಳೇ ಗಾಡಿಗೆಲ್ಲ ಕೆಟ್ಟದ್ದು ಅಂದಿದ್ದೂ ನನಗೋಸ್ಕರ ಅಂತೆ.

ಅವನನ್ನ ಹದಿಮೂರು ವರ್ಷ ಎತ್ತಿದವಳು ನಾನು. ಹೇಲು ಉಚ್ಚೆ ಬಾಚಿದವಳು ನಾನು. ರಾತ್ರಿ ಮಗ್ಗುಲು ಬದಲಾಯಿಸಿದವಳು ನಾನು. ಅಂಥವರನ್ನ ನೋಡ್ಕೊಳ್ಳೋ ಜಾಗ ಎಲ್ಲಾದರೂ ಇದೆಯಾ ಅಂತ ನಾನು ಯೋಚನೆ ಮಾಡಿರಲಿಲ್ಲ ಅಂದುಕೊಂಡೆಯಾ? ಬೆನ್ನು ಹಿಡ್ಕೊಂಡಾಗಲೆಲ್ಲ ಯೋಚಿಸಿದ್ದೀನಿ. ಬಚ್ಚಲಲ್ಲಿ ಕೈ ಜಾರಿದ ದಿನ ನಿನಗೆ ಅದನ್ನೇ ಹೇಳಬೇಕು ಅಂತಿದ್ದೆ, ಬರೆಯೋಕೆ ಆಗಲಿಲ್ಲ. ಹೆತ್ತ ತಾಯಿಯಾಗಿ ಹೀಗಂತಾಳಲ್ಲ ಅಂತ ನೀವಂದುಕೊಳ್ತೀರ ಅಂತ ಬಾಯಿ ಕಟ್ಟಿಕೊಂಡಿದ್ದೆ. ಯಾರಾದರೂ ಒಬ್ಬರು ಕೇಳಲಿ ಅಂತ ಕಾಯ್ತಿದ್ದೆ. ನನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತು, ಬರೆಯೋದು ಬೇಡ ಅಂತ ನೀನು ಬರೆದೆ.

ಕೇಳಿದ್ದರೆ ನಾನು ಹೂಂ ಅಂತಿದ್ದೆ ಅಣ್ಣ. ಅತ್ತುಕೊಂಡು ಅಂತಿದ್ದೆ, ಆದರೂ ಅಂತಿದ್ದೆ. ನಾನೇ ಅವನ ಬಟ್ಟೆ ಜೋಡಿಸಿಕೊಂಡು, ಗಾಡಿಲಿ ಅವನ ಪಕ್ಕ ಕೂತು ಕರ್ಕೊಂಡು ಹೋಗಿ ಬಿಟ್ಟು, ತಿಂಗಳಿಗೊಂದು ಸಲ ಹೋಗಿ ನೋಡ್ಕೊಂಡು ಬರ್ತಿದ್ದೆ. ಅಲ್ಲಿ ಡಾಕ್ಟರು ಅಂಗಳದಲ್ಲೇ ಇದ್ದರಂತಲ್ಲ.

ಇವರ ಜೊತೆ ಇದೇ ಮನೇಲಿ ಇದ್ದೀನಿ. ಅಡುಗೆ ಮಾಡ್ತೀನಿ, ಶಾಲೆಗೆ ಹೋಗ್ತೀನಿ. ಗಾಡಿ ನೀನೇ ಇಟ್ಕೊ, ಇಲ್ಲ ಮರುಳಪ್ಪನವರಿಗೇ ವಾಪಸು ಕೊಡು, ನಿನಗೆ ಬಿಟ್ಟಿದ್ದು. ನೀನು ಬರಬೇಡ ಅಂತ ನಾನು ಹೇಳಲ್ಲ. ಬಂದರೆ ನೀರು ಕೊಡು, ಮಾವನ್ನ ಊಟಕ್ಕೆ ಕೂರಿಸು ಅಂತ ಹರ್ಷಿತಾಗೆ ಹೇಳಿದ್ದೀನಿ. ನಾನು ಒಳಗಿರ್ತೀನಿ.

ಲತಾಮಣಿ